ಮಡಿಕೇರಿ ದಸರಾಗೆ ಹೋಗೋರು ಆ ಒಂದು ರಾತ್ರಿಗೆ ರೂಮ್ ಮಾಡ್ಬೇಡಿ

13,000 ರೂಪಾಯಿ ಕೊಟ್ಟು ಎರಡು ರಾತ್ರಿಗೆ ರೂಮ್ ಮಾಡಿ, ಅದರಲ್ಲಿ ವಿಜಯದಶಮಿ ರಾತ್ರಿ ಆ ಮಂಚಕ್ಕೆ ಬೆನ್ನೇ ತಾಗಿಸದೆ ವಾಪಸ್ ಬಂದವನು ನಾನು, ಅದಕ್ಕೇ ಬರೀತಿದೀನಿ. ಆಯುಧಪೂಜೆ ಮತ್ತು ವಿಜಯದಶಮಿ ಎರಡೂ ರಾತ್ರಿ ಕಡ್ಡಾಯವಾಗಿ ತಗೋಬೇಕು, ಒಂದೇ ದಿನಕ್ಕೆ ಕೊಡಲ್ಲ ಅಂದ್ರು. ಸರಿ, ಹಬ್ಬ ಅಲ್ವಾ ಅಂತ ಒಪ್ಕೊಂಡೆ. ಟೌನಿಂದ ಒಂದು ಕಿಲೋಮೀಟರ್ ಅಂದಿದ್ದು ಹೋಗಿ ನೋಡಿದ್ರೆ ನಾಲ್ಕು, ಅದೂ ಏರು. ವ್ಯಾಲಿ ವ್ಯೂ ಅಂದಿದ್ರು, ಕಿಟಕಿ ತೆಗೆದ್ರೆ ಪಕ್ಕದ ಮನೆ ಶೀಟು, ಅದರ ಮೇಲೆ ಒಣಗೋಕೆ ಹಾಕಿದ್ದ ಒಂದು ಜರ್ಕಿನ್ನು. ನನ್ನ ಭಾವಮೈದ ಅದನ್ನ ನೋಡಿ, "ಭಾವ, ವ್ಯೂ ಮಾತ್ರ ಚೆನ್ನಾಗಿದೆ, ಜರ್ಕಿನ್ ಬ್ರ್ಯಾಂಡೆಡ್ಡು" ಅಂದ. ಸಿಟ್ಟು ಬಂತು, ಆದ್ರೆ ದುಡ್ಡು ಮೊದಲೇ ಕಳ್ಸಾಗಿತ್ತು.

ತಪ್ಪು ನಂದೂ ಇದೆ. ಮೈಸೂರಿಂದು ಹಗಲು ದಸರಾ, ಮಡಿಕೇರಿದು ರಾತ್ರಿ ದಸರಾ ಅಂತ ಕೇಳಿದ್ದೆ, ಆದ್ರೆ ರಾತ್ರಿ ಅಂದ್ರೆ ನಮ್ಮೂರ ಗಣೇಶನ ಮೆರವಣಿಗೆ ಥರ ಹನ್ನೊಂದಕ್ಕೆ ಮುಗಿಯುತ್ತೆ, ಆಮೇಲೆ ಬಂದು ಮಲಗಬಹುದು ಅನ್ಕೊಂಡಿದ್ದೆ. ಹನ್ನೊಂದಕ್ಕೆ ಅಲ್ಲಿ ಇನ್ನೂ ಕಾವೇ ಏರಿರಲಿಲ್ಲ. ನಿಜವಾದ ಮಜಾ ಹನ್ನೆರಡೂವರೆ ಮೇಲೆ, ಬೆಳಗಿನ ಜಾವದ ತನಕ. ಆ ಹೊತ್ತಲ್ಲಿ ಟೌನ್ ಒಳಗೆ ಗಾಡಿ ಬಿಡಲ್ಲ, ಆಟೋ ಸಿಗಲ್ಲ, ನಾಲ್ಕು ಕಿಲೋಮೀಟರ್ ಏರು ಹತ್ತಿ ಮಲಗೋಕೆ ಹೋಗೋರು ಯಾರು? ಆದ್ದರಿಂದ ನೀವು ವಿಜಯದಶಮಿ ದಿನ ಮಧ್ಯಾಹ್ನದವರೆಗೂ ಎಲ್ಲಾದ್ರೂ ಕುಶಾಲನಗರದ ಕಡೆ ನಿದ್ದೆ ಮಾಡಿ, ಸಂಜೆ ಕತ್ತಲಾಗೋ ಮುಂಚೆ ಮಡಿಕೇರಿ ಸೇರ್ಕೊಳ್ಳಿ, ಬೆಳಿಗ್ಗೆ ಮೊದಲ ಬಸ್ಸಿಗೆ ಇಳೀರಿ. ಮಕ್ಕಳು, ವಯಸ್ಸಾದವರು ಜೊತೆಗಿದ್ರೆ ಮಾತ್ರ ರೂಮು, ಅದೂ ಟೌನ್ ನಡುವೆ ಸಿಕ್ಕಿದ್ರೆ.

ಇನ್ನು ನೋಡೋದೇನು ಅಂದ್ರೆ ದಶಮಂಟಪ. ಹತ್ತು ದೇವಸ್ಥಾನ, ಹತ್ತು ಮಂಟಪ. ಪೇಟೆ ಶ್ರೀರಾಮಮಂದಿರ, ದೇಚೂರು ರಾಮಮಂದಿರ, ಕೋಟೆ ಗಣಪತಿ, ಚೌಡೇಶ್ವರಿ, ಕೋದಂಡರಾಮ, ಕರವಲೆ ಭಗವತಿ, ಜೊತೆಗೆ ಕರಗ ಹೊರಡೋ ನಾಲ್ಕು ಶಕ್ತಿದೇವತೆಗಳು. ಟ್ರ್ಯಾಕ್ಟರ್ ಮೇಲೆ ಮನೆ ಎತ್ತರಕ್ಕೆ ಕಟ್ಟಿ, ದೇವರು ಅಸುರರೆಲ್ಲಾ ಕೈಕಾಲು ಆಡಿಸ್ತಾ, ಮೇಲೆ ಕೆಳಗೆ ಹೋಗ್ತಾ ಒಂದು ಪುರಾಣದ ಕಥೆ ಪೂರ್ತಿ ನಡೆಯುತ್ತೆ, ಬೆಂಕಿ, ಹೊಗೆ, ಲೈಟು ಎಲ್ಲಾ ಸೇರಿ. ಬಹುಮಾನ ಇರೋದ್ರಿಂದ ಒಬ್ಬರಿಗಿಂತ ಒಬ್ಬರದು ಜಬರ್ದಸ್ತು. ಇಷ್ಟು ಸಣ್ಣ ಗುಡ್ಡದೂರಲ್ಲಿ, ಆ ಇಕ್ಕಟ್ಟು ತಿರುವುಗಳಲ್ಲಿ ಅಷ್ಟು ದೊಡ್ಡದನ್ನ ತಿರುಗಿಸೋದು ನೋಡೋದೇ ಒಂದು ಶೋ. ತಂತಿಗೆ ತಾಗದ ಹಾಗೆ ಕೋಲು ಹಿಡ್ಕೊಂಡು ಓಡಾಡೋ ಹುಡುಗರನ್ನ ನಾನು ದೇವರಿಗಿಂತ ಜಾಸ್ತಿ ನೋಡಿದೆ.

ಒಂದು ಕಡೆ ಮೋಟರ್ ಸಿಕ್ಕಾಕ್ಕೊಂಡು ದೇವಿ ತ್ರಿಶೂಲ ರಾಕ್ಷಸನ ಎದೆಯಿಂದ ಒಂದಡಿ ದೂರದಲ್ಲೇ ನಿಂತುಬಿಡ್ತು. ಸೌಂಡ್ ಟ್ರ್ಯಾಕಲ್ಲಿ ಅವನು ಸಾಯೋ ಕೂಗು ಎರಡು ಸಲ ಬಂತು, ಇಲ್ಲಿ ಅವನು ಕಣ್ಣು ಬಿಟ್ಕೊಂಡು ನಿಂತೇ ಇದಾನೆ. ಕೊನೆಗೆ ಒಬ್ಬ ಹುಡುಗ ಚಡ್ಡಿ ಮೇಲೆತ್ಕೊಂಡು ಹತ್ತಿ, ಕೈಯಿಂದ್ಲೇ ತ್ರಿಶೂಲ ತಳ್ಳಿದ. ಅವತ್ತು ರಾತ್ರಿ ಅತೀ ಜೋರು ಶಿಳ್ಳೆ ಬಿದ್ದಿದ್ದು ಅವನಿಗೇ.

ನನಗೆ ಜನ ಜಾಸ್ತಿ ಇದ್ರೆ ಬೇಜಾರಿಲ್ಲ, ಎಷ್ಟು ಹೊತ್ತು ಬೇಕಾದ್ರೂ ನಿಲ್ತೀನಿ, ಆದ್ರೆ ಸೌಂಡು ಆಗಲ್ಲ. ಕೆಲವು ಸೆಟ್ಟುಗಳ ಬಾಸ್‌ಗೆ ಪಕ್ಕದ ಅಂಗಡಿ ಷಟರ್ ಅದುರ್ತಿತ್ತು, ಎದೆಯೊಳಗೆ ಯಾರೋ ಗುದ್ದಿದ ಹಾಗೆ. ಕಿವಿಗೆ ಹತ್ತಿ ತಗೊಂಡು ಹೋಗಿ. ಜನರಲ್ ತಿಮ್ಮಯ್ಯ ಸರ್ಕಲ್‌ ಹತ್ರ ನುಗ್ಗೋಕೆ ಹೋಗ್ಬೇಡಿ, ನಾವು ಮಹದೇವಪೇಟೆ ಕಡೆ ಒಂದು ಮುಚ್ಚಿದ ಅಂಗಡಿ ಮೆಟ್ಟಿಲ ಮೇಲೆ ಜಾಗ ಹಿಡಿದು ಕೂತ್ವಿ, ಆರಾಮಾಗಿತ್ತು. ಜನರೇಟರ್ ಹಿಂದೆ ಮಾತ್ರ ನಿಲ್ಬೇಡಿ. ಮಳೆ ಬಂದ್ರೂ ಬರಬಹುದು, ಗುಂಪಲ್ಲಿ ಛತ್ರಿ ಬಿಚ್ಚಿದ್ರೆ ಬೈತಾರೆ, ರೈನ್‌ಕೋಟೇ ಸರಿ. ರಾತ್ರಿ ನೆಟ್‌ವರ್ಕ್ ಸತ್ತು ಫೋನ್‌ಪೇ ಹೋಗಲಿಲ್ಲ, ಎರಡು ಟೀಗೂ ಪರದಾಟ, ಕೈಯಲ್ಲಿ ಚಿಲ್ಲರೆ ಇರಲಿ.

ಊಟದ ವಿಷಯಕ್ಕೆ ಬರ್ತೀನಿ, ಇದೇ ಮುಖ್ಯ. ಆಯುಧಪೂಜೆ ಸಂಜೆ ದೊಡ್ಡ ಹೋಟೆಲ್‌ಗಳೆಲ್ಲ ಕ್ಯೂ, ಒಳರಸ್ತೆಯಲ್ಲಿ ಅಲೀತಾ ಒಂದು ಮನೆ ಮುಂದಿನ ಮೆಸ್ ಸಿಕ್ತು. ಬೋರ್ಡಿಲ್ಲ, ನಾಲ್ಕು ಟೇಬಲ್ಲು. ಅಕ್ಕಿ ರೊಟ್ಟಿ ಅಂದಾಗ ನಾನು ನಮ್ಮ ಕಡೆದು, ಈರುಳ್ಳಿ ಹಸಿಮೆಣಸಿಂದು ಅನ್ಕೊಂಡೆ. ಅಲ್ಲಿಂದೇ ಬೇರೆ. ಅನ್ನವನ್ನ ಅಕ್ಕಿಹಿಟ್ಟಿನ ಜೊತೆ ನಾದಿ, ತೆಳ್ಳಗೆ ಲಟ್ಟಿಸಿ, ಕೆಂಡದ ಮೇಲೆ ಉಬ್ಬಿಸಿ ಕೊಡ್ತಾರೆ, ಕರ್ಚೀಫ್ ಥರ ಮಡಚಬಹುದು, ಆರಿದ್ರೂ ಗಟ್ಟಿಯಾಗಲ್ಲ. ಅದಕ್ಕೆ ಪಂದಿಕರಿ, ಅಂದ್ರೆ ಹಂದಿಮಾಂಸದ್ದು, ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕಿ ಕಪ್ಪಗೆ ಮಾಡಿದ್ದು. ಹುಳಿ ಮೊದಲು ನಾಲಗೆಗೆ, ಆಮೇಲೆ ಕಾಳುಮೆಣಸಿನ ಖಾರ ಗಂಟಲಿಗೆ. ನನ್ನ ಭಾವಮೈದ ಪಂದಿ ತಿನ್ನಲ್ಲ, ಅವನಿಗೆ ಕಡಂಬುಟ್ಟು ಕೋಳಿಸಾರು, ಮೊದಲು ಇದೇನು ಬಿಳಿ ಉಂಡೆ ಅಂತ ಮೂಗು ಮುರಿದವನು ಎಂಟು ತಿಂದ. "ಇನ್ನೊಂದು ಹಾಕ್ಲಾ ಅಣ್ಣ?" ಅಂತ ಆ ಅಕ್ಕ ಕೇಳೋದು, ಉತ್ತರ ಬರೋ ಮುಂಚೆ ಹಾಕೋದು. ಬಿಲ್ಲು ಇಬ್ಬರಿಗೂ ಸೇರಿ 380. ನಾನು ಲೆಕ್ಕ ತಪ್ಪಿದೆ ಅಂತ ಇನ್ನೊಂದ್ಸಲ ಕೇಳಿದೆ, ಸರಿಯಾಗೇ ಇತ್ತು.

ಅಲ್ಲಿ ಕೂತಿದ್ದಾಗ್ಲೇ ಒಂದು ಕರಗ ಆ ಬೀದಿಗೆ ಬಂತು. ಅಕ್ಕ ಸಾರಿನ ಸೌಟು ಹಾಗೇ ಬಿಟ್ಟು ಬಾಗಿಲಿಗೆ ಓಡಿದ್ರು. ಹೂವಿನ ಕರಗ ತಲೆ ಮೇಲೆ, ಜೊತೆಗೆ ವಾದ್ಯ, ಅಷ್ಟೇ, ಮೈಕಿಲ್ಲ. ನವರಾತ್ರಿ ಮೊದಲ ದಿನ ಪಂಪಿನಕೆರೆ ಹತ್ರ ನಾಲ್ಕೂ ಕರಗ ಸಿಂಗರಿಸಿ ಹೊರಡಿಸ್ತಾರೆ, ಆಮೇಲೆ ಒಂಬತ್ತು ದಿನ ಮನೆಮನೆಗೆ ಬರುತ್ತೆ. ಕೊಡಗು ಆಳ್ತಿದ್ದ ಹಾಲೇರಿ ಅರಸರ ಕಾಲದಲ್ಲಿ ಊರಿಗೆ ರೋಗ ಬಂದಾಗ ಶುರುವಾಗಿದ್ದಂತೆ, ಅಲ್ಲಿನವರು ಹಾಗೇ ಹೇಳ್ತಾರೆ. ನನ್ನ ಥರ ಸೌಂಡ್ ಆಗದವರು ದಶಮಂಟಪ ಬಿಟ್ಟು ಆ ಮೊದಲ ದಿನಕ್ಕೇ ಹೋಗಿ, ರೂಮೂ ಮಾಮೂಲಿ ರೇಟಿಗೆ ಸಿಗಬಹುದು. ನಾನು ಮುಂದಿನ ವರ್ಷ ಹಾಗೇ ಮಾಡೋದು.

ರಾಜಾಸೀಟ್, ಅಬ್ಬಿ ಫಾಲ್ಸ್ ಎಲ್ಲಾ ಹೋದ್ವಿ, ಅದನ್ನ ಬರೆಯೋಕೆ ಏನಿಲ್ಲ, ಮಂಜು ಮತ್ತೆ ಸೆಲ್ಫಿ.

ವಾಪಸ್ ಬರೋದು ಕಷ್ಟ. ಕೊಡಗಿಗೆ ರೈಲಿಲ್ಲ, ಬೆಳಿಗ್ಗೆ ಆರಕ್ಕೆ ಇಡೀ ಜನ ಒಂದೇ ಸಲ ಬಸ್‌ಸ್ಟ್ಯಾಂಡಿಗೆ ಬರ್ತಾರೆ. ನಾವು ಹತ್ತಿದ ಬಸ್ಸಲ್ಲಿ ಹುಣಸೂರು ತನಕ ನಿಂತೇ ಬಂದ್ವಿ, ನನ್ನ ಭಾವಮೈದ ಕಂಬಿ ಹಿಡ್ಕೊಂಡೇ ನಿದ್ದೆ ಹೊಡೆದ. ಹಿಂದಿನ ದಿನವೇ ಸೀಟು ಬುಕ್ ಮಾಡ್ಕೊಳ್ಳಿ. ಹೊರಡೋ ಮುಂಚೆ ಹೊಟ್ಟೆಗೆ ರೊಟ್ಟಿ ಹಾಕ್ಕೊಂಡು ಹೋಗೋಣ ಅಂತ ಮೆಸ್ ಹತ್ರ ಓಡಿದ್ವಿ, ಬಾಗಿಲು ಹಾಕಿತ್ತು. ಪಕ್ಕದ ಮನೆಯವರು ಹೇಳಿದ್ರು, ರಾತ್ರಿಯೆಲ್ಲಾ ಮಂಟಪ ನೋಡಿ ಈಗ ತಾನೇ ಬಂದು ಮಲಗಿದಾರೆ, ಇವತ್ತು ತೆಗೆಯಲ್ಲ. ಬಿಸ್ಕೆಟ್ಟು ಹಿಂದಿನ ದಿನವೇ ತಗೊಂಡಿಟ್ಕೊಳ್ಳಿ.