ಬೀಗಕ್ಕಿಂತ ಮೊದಲು ನೀರಿನ ವಾಲ್ವ್ ನೋಡಿ

ಮನೆಮಂದಿಯೆಲ್ಲ ಒಟ್ಟಿಗೆ ರಜೆಗೆ ಹೊರಟರೆ ಎಲ್ಲರ ಚಿಂತೆಯೂ ಬೀಗದ ಮೇಲೇ. ಒಮ್ಮೆ ಎಳೆದು ನೋಡಿದ್ದು ಸಾಲದೆ, ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಎಳೆದು ನೋಡುತ್ತಾರೆ. ಮುಚ್ಚಿದ ಮನೆಗೆ ಕಳ್ಳನಿಗಿಂತ ನೀರಿನ ಕಾಟವೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಈ ಸಲ ಕೆಲವು ವಾರಗಳ ಮಟ್ಟಿಗೆ ಮನೆ ಬಿಟ್ಟು ಹೋಗಿ ಬಂದೆವು. ಹೊರಡುವ ಮುಂಚೆ ಮಾಡಿದ್ದರಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬಂತು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಮೊದಲನೆಯದು ಮನೆಯೊಳಗೆ ನೀರು ಬರುವ ಮೇನ್ ವಾಲ್ವ್. ವಾಷಿಂಗ್ ಮಷಿನ್ನಿನ ಪೈಪಿನ ಮೇಲೆ ದಿನವಿಡೀ ನೀರಿನ ಒತ್ತಡ ಇದ್ದೇ ಇರುತ್ತದೆ. ಮನೆಯಲ್ಲಿದ್ದಾಗ ಅದು ಕಿತ್ತು ಬಂದರೆ ಸದ್ದು ಕೇಳಿ ಓಡುತ್ತೇವೆ. ಯಾರೂ ಇಲ್ಲದಿದ್ದರೆ ಕೆಳಮನೆಯವರ ಸೂರು ಸೋರುವವರೆಗೂ ಸುದ್ದಿಯೇ ಇರುವುದಿಲ್ಲ. ಆದರೆ ವರ್ಷಗಟ್ಟಲೆ ಮುಟ್ಟದ ವಾಲ್ವ್ ಜಾಮ್ ಆಗಿರಬಹುದು. ಹೊರಡುವ ದಿನ ಸ್ಪ್ಯಾನರ್ ಹಿಡಿದು ಅದರ ಜೊತೆ ಗುದ್ದಾಡಿದರೆ ಮುರಿದು ಕೈಗೆ ಬರುತ್ತದೆ, ರೈಲು ಕಾಯುವುದಿಲ್ಲ. ಒಂದು ವಾರ ಮುಂಚೆಯೇ ತಿರುಗಿಸಿ ನೋಡಿ. ಮುಚ್ಚಿದ ಮೇಲೆ ಒಂದು ನಲ್ಲಿ ಬಿಡಿ. ಪೈಪಿನಲ್ಲಿ ಉಳಿದ ನೀರು ಹರಿದು ಹೋದ ಮೇಲೂ ಸಣ್ಣಗೆ ಬರುತ್ತಲೇ ಇದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಪ್ಲಂಬರನ್ನು ಕರೆಸಲು ಇನ್ನೂ ಸಮಯವಿದೆ. ಗೀಸರ್ ಸ್ವಿಚ್ಚನ್ನು ವಾಲ್ವ್ ಮುಚ್ಚುವ ಮೊದಲೇ ಆರಿಸಿ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಒಂದಿದೆ, ನೀರು ಒಣಗುವುದು. ಬಚ್ಚಲಿನ ಕೊಳವೆಯಲ್ಲಿ ಒಂದು ಬಾಗಿದ ಭಾಗವಿರುತ್ತದೆ. ಚರಂಡಿಯ ವಾಸನೆ ಮೇಲೆ ಬರದಂತೆ ತಡೆಯುವುದು ಅಲ್ಲಿ ನಿಂತ ನೀರು. ವಾರಗಟ್ಟಲೆ ಯಾರೂ ನೀರು ಹಾಕದಿದ್ದರೆ ಅದು ಆವಿಯಾಗಿ ಹೋಗುತ್ತದೆ. ಆಮೇಲೆ ಮನೆಯೊಳಗೆ ದುರ್ನಾತ, ಜಿರಳೆಗೂ ದಾರಿ ಸಲೀಸು. ಹೊರಡುವಾಗ ಪ್ರತಿ ಬಚ್ಚಲಿಗೂ ಒಂದು ಚೊಂಬು ನೀರು ಸುರಿದು, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆ ತೇಲುವುದರಿಂದ ನೀರು ಬೇಗ ಆರುವುದಿಲ್ಲ.

ಬಕೆಟ್ಟು, ಹೂಕುಂಡದ ಅಡಿಯ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ಇವುಗಳಲ್ಲಿ ಮಾತ್ರ ಒಂದು ಹನಿಯೂ ಉಳಿಯಬಾರದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ಹವೆಯಲ್ಲಿ 7ರಿಂದ 10 ದಿನ ಸಾಕು. ನೀರು ಚೆಲ್ಲಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅದರ ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಬದುಕಿರುತ್ತವೆ. ಬ್ರಷ್ ಹಾಕಿ ತಿಕ್ಕಿ, ಬೋರಲು ಹಾಕಿ.

ಫ್ರಿಜ್ ವಿಷಯದಲ್ಲಿ ಮನೆಮನೆಗೂ ಒಂದೊಂದು ವಾದ. ತಿಂಗಳು ದಾಟುವುದಾದರೆ ಪೂರ್ತಿ ಖಾಲಿ ಮಾಡಿ, ಆರಿಸಿ, ಒರೆಸಿ, ಬಾಗಿಲಿಗೆ ಮಡಿಸಿದ ಬಟ್ಟೆ ಸಿಕ್ಕಿಸಿ ತುಸು ತೆರೆದಿಡುವುದು ಒಳ್ಳೆಯದು. ಮುಚ್ಚಿಟ್ಟರೆ ಒಳಗೆ ಬೂಸ್ಟು ಹಿಡಿಯುತ್ತದೆ. ಅದಕ್ಕಿಂತ ಕಡಿಮೆ ದಿನವಾದರೆ ಚಾಲೂ ಇರಲಿ, ಆದರೆ ಬೇಗ ಕೆಡುವುದೇನೂ ಬೇಡ. ಕರೆಂಟು ಹೋದರೆ ಬಾಗಿಲು ತೆರೆಯದ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ, ತುಂಬಿದ ಫ್ರೀಜರಿನದು 48 ಗಂಟೆ, ಅರ್ಧ ತುಂಬಿದ್ದರೆ 24. ನಾವಿಲ್ಲದಾಗ ಎಷ್ಟು ಹೊತ್ತು ಹೋಗಿತ್ತು ಅಂತ ತಿಳಿಯುವುದು ಹೇಗೆ? ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೊಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ನಾವು ಬಂದಾಗ ನಾಣ್ಯ ಮಂಜುಗಡ್ಡೆಯ ನಟ್ಟನಡುವೆ ಓರೆಯಾಗಿ ಸಿಕ್ಕಿಕೊಂಡಿತ್ತು. ಅಂದರೆ ಅರ್ಧ ಕರಗಿ ಮತ್ತೆ ಗಟ್ಟಿಯಾಗಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಪೊಟ್ಟಣಗಳೂ ಕಲ್ಲಿನ ಹಾಗಿದ್ದವು! ನಾಣ್ಯ ತಳ ಸೇರಿದ್ದರೆ ಯೋಚಿಸದೆ ಎಸೆಯಬೇಕು. ನಡುವೆ ನಿಂತಿದ್ದಕ್ಕೂ ನಾವು ಎಸೆದೆವು, ಹೊಟ್ಟೆ ಕೆಡಿಸಿಕೊಳ್ಳುವ ಉಮೇದು ಇರಲಿಲ್ಲ.

ಉಳಿದದ್ದು ನಿಮಗೂ ಗೊತ್ತಿರುವುದೇ: ಗ್ಯಾಸ್ ರೆಗ್ಯುಲೇಟರ್ ಆಫ್, ಟಿವಿ, ಚಾರ್ಜರುಗಳ ಪ್ಲಗ್ ಕಿತ್ತಿಡುವುದು. ಸಿಡಿಲಿಗೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗೇ ಹೊರಗಿರಬೇಕು. ಹಗಲೂ ರಾತ್ರಿ ಉರಿಯುವ ವರಾಂಡದ ದೀಪ ಮಾತ್ರ ಖಂಡಿತ ಬೇಡ. ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿದ್ದರೆ ಮನೆ ಖಾಲಿ ಅಂತ ನಾವೇ ಸಾರಿದಂತೆ. ಟೈಮರ್ ಹಾಕಿ. ಪ್ರವಾಸದ ಫೋಟೋಗಳನ್ನು ಬಂದ ಮೇಲೆ ಹಾಕಿಕೊಂಡರೆ ಲೈಕು ಕಡಿಮೆಯಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟದ್ದು ಪಕ್ಕದ ಮನೆಯಲ್ಲಿ ಬಿಟ್ಟ ಒಂದು ಕೀಲಿ. ಕೀಲಿ ಕೊಟ್ಟು ಬಂದರಷ್ಟೇ ಸಾಲದು. ವಾಲ್ವ್ ಎಲ್ಲಿದೆ, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರನ್ನು ಕರೆದುಕೊಂಡು ಹೋಗಿ ತೋರಿಸಿ. ನಮ್ಮ ಪಕ್ಕದ ಮನೆಯಾಕೆ ನಡುವೆ ಒಮ್ಮೆ ಫೋನ್ ಮಾಡಿ, "ನಿಮ್ಮ ಗಿಡಕ್ಕೆ ನೀರು ಹಾಕಿದೆ ಕಣ್ರೀ, ಬಾಗಿಲಲ್ಲಿ ಎರಡು ಪಾರ್ಸೆಲ್ ಬಿದ್ದಿದ್ವು, ಒಳಗಿಟ್ಟಿದ್ದೀನಿ" ಅಂದರು. ಹೊರಡುವ ಮುಂಚೆ ಏನನ್ನೂ ಆರ್ಡರ್ ಮಾಡಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಯಾರು ಕೇಳುತ್ತಾರೆ!

ವಾಪಸ್ ಬಂದಾಗ ಬಾಗಿಲು ತೆಗೆದ ತಕ್ಷಣ ಗ್ಯಾಸ್ ವಾಸನೆ ಇದೆಯೇ ನೋಡಿ. ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು ಹಾಗೇ ತೆರೆದಿಟ್ಟು ಹೊರಗೆ ಬನ್ನಿ, ಫೋನ್ ಮಾಡುವುದೂ ಹೊರಗಿನಿಂದಲೇ. ಇಲ್ಲದಿದ್ದರೆ ಕಿಟಕಿ ತೆರೆದು, ವಾಲ್ವ್ ನಿಧಾನವಾಗಿ ತಿರುಗಿಸಿ, ಎಲ್ಲ ನಲ್ಲಿಗಳನ್ನೂ ಕೆಲವು ನಿಮಿಷ ಹರಿಯಬಿಡಿ. ವಾರಗಟ್ಟಲೆ ನಿಂತ ನೀರಿನಲ್ಲಿ ಲೀಜನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆದಿರಬಹುದು, ಅದು ಶವರಿನ ತುಂತುರಿನ ಜೊತೆ ಶ್ವಾಸಕೋಶ ಸೇರುತ್ತದೆ. ಹಾಗಾಗಿ ಶವರ್ ಆನ್ ಮಾಡಿ ಬಚ್ಚಲಿನಿಂದ ಹೊರಗೆ ನಿಲ್ಲಿ. ಬಿಸಿನೀರಿನ ನಲ್ಲಿಯಲ್ಲೂ ನೀರು ಸರಾಗವಾಗಿ ಬರತೊಡಗಿದ ಮೇಲೆಯೇ ಗೀಸರ್ ಹಾಕಿ.