ಕಂಪ್ಯೂಟರ್ ಸ್ಲೋ ಆಗಿದೆ, ಹೊಸದು ತಗೊಳ್ಳೋದಾ ರಿಪೇರಿ ಮಾಡಿಸೋದಾ?

ಮೈಸೂರಿನಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವುದು, ಕೆಟ್ಟದ್ದನ್ನು ಸರಿಮಾಡುವುದು ನನ್ನ ಕೆಲಸ ಅಂತ ಗೊತ್ತಾದ ಮೇಲೆ ಈ ಪ್ರಶ್ನೆಯಿಂದ ನನಗೆ ಮದುವೆಮನೆ ಪಂಕ್ತಿಯಲ್ಲೂ ಬಿಡುಗಡೆ ಇಲ್ಲ. ಕುವೆಂಪುನಗರದ ನಿವೃತ್ತ ಮೇಷ್ಟ್ರಾದರೆ "ಏನಪ್ಪಾ, ನಮ್ಮ ಸಿಸ್ಟಮ್ಮು ಆನ್ ಆಗೋ ಹೊತ್ತಿಗೆ ನಾನು ಪೇಪರ್ ಪೂರ್ತಿ ಓದಿರ್ತೀನಿ, ಬದಲಾಯಿಸಿಬಿಡ್ಲಾ?" ಅನ್ನುತ್ತಾರೆ. ಮಂಡ್ಯ ಕಡೆಯ ಡಿಟಿಪಿ ಹುಡುಗನಾದರೆ "ಅಣ್ಣ, ಬಲೇ ನಿಧಾನ ಕಣಣ್ಣ. ಹೊಸ್ದೇ ತಕಬುಡ್ಲಾ, ಇಲ್ಲ ಇದ್ನೇ ರಿಪೇರಿ ಮಾಡುಸ್ಲಾ?" ಅನ್ನುತ್ತಾನೆ. ಇಬ್ಬರ ಪ್ರಶ್ನೆಯೂ ಒಂದೇ.

ಹೊಸದು ಮಾರಿದರೆ ನನಗೆ ಉಳಿಯುವ ಕಾಸು ಜಾಸ್ತಿ. ಆದರೂ ನಾನು ಮೊದಲು ಕೇಳುವುದು ಇಷ್ಟೇ: ಫೈಲುಗಳನ್ನೆಲ್ಲ ಇಟ್ಟುಕೊಳ್ಳಲು ಒಳಗಿರುವುದು ತಟ್ಟೆ ತಿರುಗುವ ಹಾರ್ಡ್ ಡಿಸ್ಕಾ, ಬರೀ ಚಿಪ್ಪುಗಳಿರುವ ಎಸ್‌ಎಸ್‌ಡಿನಾ? ಹಾರ್ಡ್ ಡಿಸ್ಕ್ ಅಂದರೆ ಹೊಸದರ ಮಾತು ಅಲ್ಲಿಗೆ ನಿಲ್ಲಿಸಿ, ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ನಿಧಾನದ ದೂರು ಹೊತ್ತು ಬರುವ ಬಹುಪಾಲು ಮಷೀನುಗಳಲ್ಲಿ ಪ್ರೊಸೆಸರ್ ಆರಾಮಾಗಿ ಕೂತಿರುತ್ತೆ, ಒದ್ದಾಡುತ್ತಿರುವುದು ಡಿಸ್ಕ್.

ಗೊತ್ತಿಲ್ಲದವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಪರ್ಫಾರ್ಮೆನ್ಸ್ ಅನ್ನೋ ಕಡೆ ಹೋದರೆ ಡಿಸ್ಕ್ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಅಂತ ಅದೇ ತೋರಿಸುತ್ತೆ. ನೀವು ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಡಿಸ್ಕ್ 100 ಪರ್ಸೆಂಟ್, ಸಿಪಿಯು 10 ಪರ್ಸೆಂಟ್ ಇದ್ದರೆ ರೋಗ ಸಿಕ್ಕಂತೆಯೇ.

ಯಾಕೆ ಹೀಗಾಗುತ್ತೆ ಅನ್ನುವುದು ಲೆಕ್ಕದಲ್ಲೇ ಇದೆ. ಸಾಮಾನ್ಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನ ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ, ಅಂದರೆ ಸೆಕೆಂಡಿಗೆ 90. ಬೇಕಾದ ಮಾಹಿತಿ ಇರುವ ಜಾಗ ಓದುವ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಐದೂವರೆ ಮಿಲಿಸೆಕೆಂಡು. ಹೆಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯೋಕೆ ಇನ್ನೂ ಹತ್ತು ಹನ್ನೆರಡು. ಹೀಗಾಗಿ ಚೆಲ್ಲಾಪಿಲ್ಲಿ ಬಿದ್ದಿರುವ ಸಣ್ಣ ತುಣುಕುಗಳನ್ನು ಅದು ಸೆಕೆಂಡಿಗೆ 60ರ ಆಸುಪಾಸು ಮಾತ್ರ ಹುಡುಕಿ ಕೊಡಬಲ್ಲದು. ಒಂದೇ ದೊಡ್ಡ ಫೈಲನ್ನು ಕಾಪಿ ಮಾಡುವಾಗ ಹಾರ್ಡ್ ಡಿಸ್ಕ್ ಅಷ್ಟೇನೂ ಸೋಮಾರಿಯಲ್ಲ, ಸೆಕೆಂಡಿಗೆ 100 ಎಂಬಿ ಕೊಡುತ್ತೆ. ಆದರೆ ವಿಂಡೋಸ್ ಆನ್ ಆಗುವಾಗ ಬೇಕಿರುವುದು ಸಾವಿರಾರು ಚಿಲ್ಲರೆ ಫೈಲುಗಳು. ಅದರ ಜೊತೆಗೆ ಆಂಟಿವೈರಸ್ ತನಗೂ ಬೇಕು ಅನ್ನುತ್ತೆ, ಅಪ್‌ಡೇಟ್ ತನಗೂ ಅನ್ನುತ್ತೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಅಂಥ ತುಣುಕುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಕೊಟ್ಟು ಮುಗಿಸುತ್ತೆ.

"ನಮ್ಮದು ಹಳೇ ಬೋರ್ಡು, ಎಸ್‌ಎಸ್‌ಡಿ ಹಾಕಿದರೂ ಪೂರ್ತಿ ಸ್ಪೀಡ್ ಬರಲ್ವಂತೆ" ಅಂತ ಕೆಲವರು ತಲೆಕೆಡಿಸಿಕೊಳ್ಳುತ್ತಾರೆ. ಬರಲ್ಲ, ನಿಜ. ಡಿಸ್ಕನ್ನು ಬೋರ್ಡಿಗೆ ಸೇರಿಸುವ ಕನೆಕ್ಷನ್ನಿಗೆ ಸಾಟಾ ಅನ್ನುತ್ತಾರೆ, ಹಳೇ ಸಾಟಾ 2 ಬೋರ್ಡಿನಲ್ಲಿ ಸೆಕೆಂಡಿಗೆ 300 ಎಂಬಿಗಿಂತ ಮೇಲೆ ಹೋಗಲ್ಲ. ಸಾಟಾ 3 ಆದರೆ 550ರವರೆಗೆ. ಆದರೆ ನಿಮಗೆ ಸಿಗುವ ಲಾಭ ಇರುವುದು ಕಾಯುವುದು ತಪ್ಪುವುದರಲ್ಲಿ, ಅದು ಹಳೇ ಬೋರ್ಡಿಗೂ ಸಿಗುತ್ತೆ. ಧೈರ್ಯವಾಗಿ ಹಾಕಿಸಿ. ಡೆಸ್ಕ್‌ಟಾಪಿಗೂ ಹಳೇ ಲ್ಯಾಪ್‌ಟಾಪಿಗೂ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು. ಸ್ವಲ್ಪ ಹೊಸ ಮಷೀನಾಗಿ ಎಂ.2 ಜಾಗ ಇದ್ದರೆ ಮಾತ್ರ ಹುಷಾರು. ಚ್ಯೂಯಿಂಗ್ ಗಮ್ ಪಟ್ಟಿಯಷ್ಟು ಉದ್ದದ ಆ ಕಾರ್ಡಿನಲ್ಲಿ ಸಾಟಾ ಜಾತಿಯೂ ಇದೆ, ಎನ್‌ವಿಎಂಇ ಜಾತಿಯೂ ಇದೆ. ನೋಡಲು ಅಕ್ಕತಂಗಿಯರಂತೆ ಇರುತ್ತವೆ, ಆದರೆ ಕೆಲವು ಬೋರ್ಡುಗಳು ಎರಡರಲ್ಲಿ ಒಂದನ್ನು ಮಾತ್ರ ಒಪ್ಪುತ್ತವೆ. ಮಾಡೆಲ್ ನಂಬರ್ ಇಟ್ಟುಕೊಂಡು ಅಂಗಡಿಗೆ ಹೋಗಿ.

ರ‍್ಯಾಮ್ (ತೆರೆದಿಟ್ಟ ಕೆಲಸಗಳು ಕೂರುವ ತಾತ್ಕಾಲಿಕ ಮೆಮೊರಿ) ವಿಷಯ ಚಿಕ್ಕದು. 4 ಜಿಬಿ ಈಗ ಸಾಲದು, 8 ಇದ್ದರೆ ಮನೆ ಮತ್ತು ಆಫೀಸಿನ ಕೆಲಸ ನಡೆಯುತ್ತೆ, ವಿಡಿಯೊ ಎಡಿಟಿಂಗ್ ಮಾಡುವವರಿಗೆ 16. ಅದರಲ್ಲೂ ತಲೆಮಾರುಗಳಿವೆ: ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹೋಗಲ್ಲ, ಕಚ್ಚು ಬೇರೆ ಕಡೆ ಇರುತ್ತೆ, ಒತ್ತಿ ಕೂರಿಸಲು ಹೋಗಬೇಡಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅವುಗಳಲ್ಲಿ ಹೆಚ್ಚಿಸಲು ಬರಲ್ಲ. ಇನ್ನೊಂದು: ಎಷ್ಟೋ ಹಳೇ ಮಷೀನುಗಳಲ್ಲಿ ಇವತ್ತಿಗೂ 32 ಬಿಟ್ ವಿಂಡೋಸ್ ಇದೆ. ಅದು 4 ಜಿಬಿಯನ್ನೇ ಪೂರ್ತಿ ಬಳಸಿಕೊಳ್ಳಲ್ಲ, ಮೇಲೆ ಇನ್ನೊಂದು 4 ಹಾಕಿದರೆ ದುಡ್ಡು ದಂಡ. ರ‍್ಯಾಮ್ ಹಾಕಿಸುವ ಮುಂಚೆ 64 ಬಿಟ್ ಇದೆಯಾ ನೋಡಿಕೊಳ್ಳಿ. ಬೆಲೆ ನಾನಿಲ್ಲಿ ಬರೆಯಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳಲು ಶುರುಮಾಡಿದ ಮೇಲೆ, 2025ರ ಕೊನೆಯಿಂದ ರ‍್ಯಾಮ್ ರೇಟು ಏರಿಬಿಟ್ಟಿದೆ. ಇರುವ ಮಷೀನನ್ನು ಉಳಿಸಿಕೊಳ್ಳಿ ಅನ್ನೋಕೆ ಇದೂ ಒಂದು ಕಾರಣ.

ಡಿಸ್ಕ್ ಬದಲಿಸುವ ಮುಂಚೆ ಬ್ಯಾಕಪ್. ಇದನ್ನು ಎಲ್ಲರೂ ಹೇಳುತ್ತಾರೆ, ಎಲ್ಲರೂ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಕಾಪಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಕಡೆ ಕಳೆದುಹೋಗುವುದೇ ಬೇರೆ. ಟ್ಯಾಲಿ ಬಳಸುವ ಅಂಗಡಿಯವರ ಲೆಕ್ಕ ಟ್ಯಾಲಿಯದೇ ಡೇಟಾ ಫೋಲ್ಡರಿನಲ್ಲಿ ಕೂತಿರುತ್ತೆ, ಡೆಸ್ಕ್‌ಟಾಪ್ ಮೇಲೆ ಇರುವುದು ಬರೀ ಐಕಾನು. ಕನ್ನಡ ಟೈಪಿಂಗಿನವರದು ಇನ್ನೂ ಫಜೀತಿ. ಹಳೇ ನುಡಿ ಫಾಂಟಿನಲ್ಲಿ ಮಾಡಿದ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫಾರ್ಮ್ಯಾಟ್ ಆದ ಮೇಲೆ ಆ ಫಾಂಟು ಇಲ್ಲದಿದ್ದರೆ ಹತ್ತು ವರ್ಷದ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. "ವೈರಸ್ ಹೊಡೀತು" ಅಂತ ಎದೆ ಹೊಡೆದುಕೊಳ್ಳುವವರನ್ನು ನೋಡಿದ್ದೇನೆ. ಫೈಲಿಗೆ ಏನೂ ಆಗಿರಲ್ಲ, ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತೆ. ಅದಕ್ಕೇ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡದೆ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ. ಆನ್ ಮಾಡಿದಷ್ಟೂ ಹಾಳಾಗುತ್ತೆ.

ಇನ್ನು ಕರೆಂಟು. ನಮ್ಮ ಊರುಗಳಲ್ಲಿ ಕಂಪ್ಯೂಟರ್ ಕೆಡಿಸುವುದರಲ್ಲಿ ವೈರಸ್ಸಿಗಿಂತ ಇದರ ಪಾಲು ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

"ಮನೆಗೆ ಇನ್ವರ್ಟರ್ ಇದೆ, ಆದರೂ ಕರೆಂಟ್ ಹೋದ ತಕ್ಷಣ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ, ಮದರ್‌ಬೋರ್ಡ್ ಹೋಗಿದೆಯಾ?" ಇಲ್ಲ. ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಕರೆಂಟ್ ಕಡಿದ ಮೇಲೆ ತನ್ನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡು ಮಾತ್ರ ತಳ್ಳಬಲ್ಲದು. ಮನೆ ಇನ್ವರ್ಟರು ಸಾಮಾನ್ಯ ಮೋಡಿನಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತಗೊಳ್ಳುತ್ತೆ. ಫ್ಯಾನು, ಲೈಟಿಗೆ ಅದು ಗೊತ್ತೇ ಆಗಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತೆ. ತುಂಬಾ ಇನ್ವರ್ಟರುಗಳ ಹಿಂದೆಯೋ ಮುಂದೆಯೋ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನು ಹಾಕಿದರೆ ಬೇಗ ಬದಲಾಗುತ್ತೆ, ಸಮಸ್ಯೆ ಅಲ್ಲೇ ಮುಗಿಯಬಹುದು. ಆದರೆ ಆ ಮೋಡಿನಲ್ಲಿ ವೋಲ್ಟೇಜ್ 180ರ ಆಸುಪಾಸಿಗಿಂತ ಕೆಳಗೆ ಬಂದರೆ ಇನ್ವರ್ಟರು ಬ್ಯಾಟರಿಗೆ ಹೋಗಿಬಿಡುತ್ತೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಹಳ್ಳಿಗಳಲ್ಲಿ ಬ್ಯಾಟರಿ ಸುಮ್ಮನೆ ಬರಿದಾಗುತ್ತೆ. ಅಂಥ ಕಡೆ ಡೆಸ್ಕ್‌ಟಾಪಿಗೆ ಅಂತಲೇ ಒಂದು ಚಿಕ್ಕ ಯುಪಿಎಸ್ ಇಡುವುದು ವಾಸಿ.

ಆಮೇಲೆ ಅರ್ಥಿಂಗ್. "ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ, ಆದ್ರೆ ಕಂಪ್ಯೂಟರ್ ಚೆನ್ನಾಗೇ ಓಡ್ತಿದೆ" ಅಂತ ನಗುತ್ತಾ ಹೇಳುತ್ತಾರೆ. ನಗುವ ವಿಷಯವಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಒಂದಿಷ್ಟು ಕರೆಂಟ್ ಯಾವಾಗಲೂ ಸೋರುತ್ತಿರುತ್ತೆ. ಅದು ಅರ್ಥಿಂಗ್ ತಂತಿ ಹಿಡಿದು ನೆಲಕ್ಕೆ ಹೋಗಬೇಕು. ಆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ ಮೇಲೆ 230ರ ಅರ್ಧದಷ್ಟು, 115 ವೋಲ್ಟಿನ ಸುಮಾರು, ನಿಂತುಬಿಡುತ್ತೆ. ಸೋರುವ ಕರೆಂಟಿನ ಪ್ರಮಾಣ ಸಣ್ಣದಾದ್ದರಿಂದ ಬರೀ ಜುಮ್ ಅನ್ನುತ್ತೆ. ಎಸ್‌ಎಂಪಿಎಸ್ ಒಳಗೆ ಏನಾದರೂ ಕೆಟ್ಟು ಫೇಸ್ ತಂತಿಯೇ ಕ್ಯಾಬಿನೆಟ್ಟಿಗೆ ತಾಗಿದರೆ ಜುಮ್ಮಿಗೆ ನಿಲ್ಲಲ್ಲ. ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು ಅಂತ ಎದೆಯುಬ್ಬಿಸಿ ಹೇಳಿಕೊಳ್ಳುವ ಸೀಮೆಯವರು ನಾವು. ಪ್ಲಗ್ಗಿನ ಅರ್ಥಿಂಗಿನ ದಪ್ಪ ಪಿನ್ನು ಕಿತ್ತು ಎರಡು ಪಿನ್ನಿನ ಸಾಕೆಟ್ಟಿಗೆ ತುರುಕುವವರೂ ನಾವೇ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಹಳೇ ಮನೆಯ ಉಪ್ಪು, ಇದ್ದಿಲಿನ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡಲ್ಲ, ಆಗಾಗ ನೀರು ಹಾಕಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತರೆ ಸಾಲದು, ಇಂಟರ್ನೆಟ್ಟಿನ ತಾಮ್ರದ ಕೇಬಲನ್ನೂ ಕೀಳಿ. ಸಿಡಿಲಿಗೆ ಹೋದ ಬೋರ್ಡುಗಳಲ್ಲಿ ಎಷ್ಟೋ ಸಲ ಸುಟ್ಟಿರುವುದು ನೆಟ್‌ವರ್ಕ್ ಪೋರ್ಟಿನ ಕಡೆಯೇ.

ಅಂಗಡಿಗೆ ಹೊತ್ತು ತರುವ ಮುಂಚೆ ನೀವೇ ನೋಡಬಹುದಾದ ಕೆಲವು ಇವೆ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು, ಬೀಪ್ ಬೀಪ್ ಸದ್ದು: ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು, ರ‍್ಯಾಮ್ ಹೊರತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವವರೆಗೆ ವಾಪಸ್ ಕೂರಿಸಿ. ನಂಬಲಾಗದಷ್ಟು ಮಷೀನುಗಳು ಇದಕ್ಕೇ ಏಳುತ್ತವೆ. ಇನ್ನೊಂದು, ಯಾವ ವೆಬ್‌ಸೈಟ್ ತೆರೆದರೂ ಸುರಕ್ಷಿತವಲ್ಲ ಅಂತ ಎಚ್ಚರಿಕೆ ಬರುತ್ತಿದ್ದರೆ ಮೂಲೆಯಲ್ಲಿರುವ ತಾರೀಕು ನೋಡಿ. ಎಷ್ಟೋ ವರ್ಷ ಹಿಂದಿನದಾಗಿದ್ದರೆ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಮುಗಿದಿದೆ. ವೆಬ್‌ಸೈಟಿನ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಬ್ರೌಸರ್ ತಿಳಿದುಕೊಳ್ಳುತ್ತೆ, ಅಷ್ಟೆ. ವಾಚ್ ರಿಪೇರಿ ಅಂಗಡಿಯಲ್ಲೂ ಆ ಸೆಲ್ ಸಿಗುತ್ತೆ. ಆನ್ ಆಗಿ ಅರ್ಧ ಗಂಟೆಗೆ ಬಿಸಿಯಾಗಿ ನಿಧಾನವಾಗುವ ಮಷೀನಿಗೆ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಬದಲಿಸಬೇಕು. ಆಲೆಮನೆ ಪಕ್ಕದ ಮನೆಗಳಿಂದ ಬರುವ ಕಂಪ್ಯೂಟರುಗಳಲ್ಲಿ ಧೂಳಿನ ಜೊತೆ ಮಸಿಯೂ ಸೇರಿ ಫ್ಯಾನಿಗೆ ಅಂಟಿಕೊಂಡಿರುತ್ತೆ, ಬ್ಲೋಯರ್‌ಗೂ ಜಗ್ಗಲ್ಲ, ಬ್ರಷ್ ಬೇಕು.

ಹಾಗಾದರೆ ಹೊಸದು ಯಾವಾಗ? ಮದರ್‌ಬೋರ್ಡ್ ಹೋದ ಹಳೇ ಮಷೀನಿಗೆ ದುಡ್ಡು ಸುರಿಯಬೇಡಿ. ಇನ್ನೊಂದು ಕಾರಣ ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಎಸ್‌ಯು ಅನ್ನುವ ವಿಸ್ತರಣೆಗೆ ಸೇರಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಅಂತ ಹೇಳಿದ್ದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ವ್ಯವಸ್ಥೆ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಜನರೇಷನ್ನಿನಿಂದ ಈಚೆಗಿನದು ಬೇಕು. ನಿಮ್ಮದು ಅದಕ್ಕಿಂತ ಹಳೆಯದಾಗಿ, ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡುತ್ತಿದ್ದರೆ ಬದಲಾಯಿಸುವ ಯೋಚನೆ ಸರಿ. ಬರೀ ಬ್ರೌಸಿಂಗ್, ಪತ್ರ ಬರೆಯುವುದು ಅಂದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಸಿ. ಅದರಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸೇರಿಸಿಕೊಂಡರೆ ನುಡಿಯಲ್ಲಿ ಟೈಪ್ ಮಾಡಿ ಪಳಗಿದ ಬೆರಳುಗಳಿಗೆ ಕಷ್ಟವಾಗಲ್ಲ.

ಕೊಳ್ಳುವುದೇ ಆದರೆ ಕಂಪನಿಗಳು ಬಳಸಿ ಬಿಟ್ಟ ಬ್ರಾಂಡೆಡ್ ಡೆಸ್ಕ್‌ಟಾಪುಗಳು, ಆಪ್ಟಿಪ್ಲೆಕ್ಸ್, ಥಿಂಕ್‌ಸೆಂಟರ್ ಥರದವು, ಹೊಸ ಅಗ್ಗದ ಮಷೀನಿಗಿಂತ ಒಳ್ಳೆಯವು ಅನ್ನುತ್ತೇನೆ. ಅವುಗಳಲ್ಲಿ ತುಂಬಾ ಮಾಡೆಲ್ಲುಗಳ ಎಸ್‌ಎಂಪಿಎಸ್ ಬೇರೆ ಅಳತೆಯದು, ಕೆಟ್ಟರೆ ಮಾಮೂಲಿ ಎಸ್‌ಎಂಪಿಎಸ್ ಕೂರಲ್ಲ, ಅದೊಂದು ತಾಪತ್ರಯ ನೆನಪಿರಲಿ. "ಐ7 ಸಾರ್, ಸೂಪರ್ ಮಷೀನು" ಅಂದರೆ ಪ್ರೊಸೆಸರಿನ ಪೂರ್ತಿ ನಂಬರ್ ಕೇಳಿ. ಐ7-870 ಅಂದರೆ 2009ರ ಮಾಲು, ಮೂರೇ ಅಂಕಿ ಇದ್ದರೆ ಮೊದಲ ಜನರೇಷನ್ನು. ಐ5-8500 ಅಂದರೆ ಅಡ್ಡಗೆರೆಯ ಪಕ್ಕದ 8 ಅದರ ಜನರೇಷನ್ನು, 2018ರದು, ಆರು ಕೋರು, ವಿಂಡೋಸ್ 11ಕ್ಕೂ ಸೈ. ಹೆಸರಲ್ಲಿ ಚಿಕ್ಕದಾದ ಐ5 ಇಲ್ಲಿ ಐ7ನ ಆರಾಮಾಗಿ ಹಿಂದೆ ಹಾಕುತ್ತೆ. ದುಡ್ಡು ಕೊಡುವ ಮುಂಚೆ ಪೆನ್‌ಡ್ರೈವಿನಲ್ಲಿ ಡಿಸ್ಕ್ ಪರೀಕ್ಷಿಸುವ ಸಾಫ್ಟ್‌ವೇರ್ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಗೊಂಡು ಹೋಗಿ ಅಲ್ಲೇ ಓಡಿಸಿ. ಡಿಸ್ಕ್ ಎಷ್ಟು ಗಂಟೆ ಓಡಿದೆ, ಆರೋಗ್ಯ ಹೇಗಿದೆ, ಎರಡೂ ಕಾಣುತ್ತೆ. ಅದನ್ನು ಹಾಕಲು ಅಂಗಡಿಯವರು ಬಿಡಲಿಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.