ಮಂಚದ ಕಾಲಿಗೆ ಕಟ್ಟಿದ ಸೀರೆ

ಮೊನ್ನೆ ಬುಧವಾರ ನಮ್ಮ ಪಂಚಾಯಿತಿಯ ಕೂಸಿನ ಮನೆಗೆ, ಅಂದರೆ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಜಾಗಕ್ಕೆ ಹೋಗಿದ್ದೆ. ಅಂಗನವಾಡಿ ಕೆಲಸದಿಂದ ನಿವೃತ್ತಿಯಾಗಿ ವರ್ಷ ದಾಟಿತು. ಆದರೂ ಮಕ್ಕಳ ಅಳು ಕೇಳಿಸಿದರೆ ಕಾಲು ಅತ್ತಲೇ ಹೋಗುತ್ತದೆ. ಒಳಗೆ ಒಂಬತ್ತು ಕೂಸುಗಳಿದ್ದವು. ಒಬ್ಬ ತಾಯಿ ಕೆರೆ ಹೂಳೆತ್ತುವ ಕೆಲಸದಿಂದ ಬಂದು, ಕೈಕಾಲು ತೊಳೆದು, ಗೋಡೆಗೆ ಒರಗಿ ಮಗುವಿಗೆ ಹಾಲು ಕೊಡುತ್ತಿದ್ದಳು. ಹಿಮ್ಮಡಿಯಲ್ಲಿ ಇನ್ನೂ ಮಣ್ಣು ಮೆತ್ತಿಕೊಂಡಿತ್ತು. ಕುಡಿಯುತ್ತಾ ಕುಡಿಯುತ್ತಾ ಮಗು ನಿದ್ದೆ ಹೋಯಿತು. ಅದನ್ನು ಮಲಗಿಸಿ, ಸೆರಗು ಸಿಕ್ಕಿಸಿಕೊಂಡು ಅವಳು ಮತ್ತೆ ಕೆಲಸಕ್ಕೆ ಹೋದಳು. ಅಷ್ಟೇ, ಹತ್ತು ನಿಮಿಷ. ನೋಡುತ್ತಾ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು.

ಯಾಕೆ ಅಂತ ಹೇಳಬೇಕಾದರೆ 1991ಕ್ಕೆ ಹೋಗಬೇಕು.

ನಮ್ಮದು ಟಿ. ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ಇಡೀ ದೇಶದಲ್ಲಿ 33 ಕಡೆ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತಲ್ಲ, ಆ 33ರಲ್ಲಿ ನಮ್ಮ ತಾಲ್ಲೂಕೂ ಒಂದು. ಅಂಗನವಾಡಿ ಅನ್ನೋದು ನಮ್ಮೂರುಗಳಿಗೆ ಅಷ್ಟು ಹಳೆಯದು. ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ. ಮೂರು ವರ್ಷ ಆಗಿತ್ತು, ಎಲ್ಲಾ ಕಲಿತುಬಿಟ್ಟಿದ್ದೇನೆ ಅಂದುಕೊಂಡಿದ್ದೆ.

ಆವತ್ತು ಮನೆ ಮನೆಗೆ ಹೋಗಿ ಮಕ್ಕಳ ತೂಕ ಬರೆದುಕೊಳ್ಳುತ್ತಿದ್ದೆ. ನಾಟಿ ಕಾಲ. ಬೀದಿಯಲ್ಲಿ ದೊಡ್ಡವರು ಒಬ್ಬರೂ ಇಲ್ಲ. ಹೊರಗಿನಿಂದ ಚಿಲಕ ಹಾಕಿದ್ದ ಒಂದು ಮನೆಯೊಳಗಿಂದ ಮಗುವಿನ ದನಿ ಬರುತ್ತಿತ್ತು. ಅಳು ಕೂಡ ಅಲ್ಲ, ಅತ್ತು ಅತ್ತು ಸುಸ್ತಾದ ಮೇಲೆ ಬರುವ ನರಳಾಟ. ಚಿಲಕ ತೆಗೆದೆ. ಒಂದೂವರೆ ವರ್ಷದ ಗಂಡು ಮಗು. ಸೊಂಟಕ್ಕೆ ಒಂದು ಹಳೇ ಸೀರೆ ಸುತ್ತಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿದ್ದರು. ಪಕ್ಕದಲ್ಲಿ ಒಂದು ತಟ್ಟೆ ಕಡ್ಲೆಪುರಿ, ಚೆಲ್ಲಿಹೋದ ನೀರಿನ ಲೋಟ. ಮಗು ಆ ನೀರಲ್ಲೇ ಕೂತಿತ್ತು.

ಗಂಟು ಬಿಚ್ಚಿ ಎತ್ತಿಕೊಂಡು ಅಂಗನವಾಡಿಗೆ ತಂದೆ. ಸಂಜೆ ಅವರಮ್ಮ ಗದ್ದೆಯಿಂದ ಬಂದಳು. ನಾನು ಬೀದಿಯಲ್ಲಿ ನಿಂತು, ಹತ್ತು ಜನರ ಎದುರು ಅವಳನ್ನು ಬಾಯಿಗೆ ಬಂದಂತೆ ಬೈದೆ. ನೀನು ತಾಯಿನಾ, ದನ ಕಟ್ಟಿದ ಹಾಗೆ ಕಟ್ಟಿದ್ದೀಯಲ್ಲ ಅಂದೆ. ಅವಳು ಒಂದೇ ಒಂದು ಮಾತಾಡಲಿಲ್ಲ. ಮಗುವನ್ನು ಇಸಿದುಕೊಂಡು ಹೋದಳು. ಆಮೇಲೆ ಮೂರು ತಿಂಗಳು ಆ ಮನೆಯವರು ಅಂಗನವಾಡಿ ಕಡೆ ತಲೆ ಹಾಕಲಿಲ್ಲ. ಚುಚ್ಚುಮದ್ದಿಗೂ ಬರಲಿಲ್ಲ.

ನನ್ನ ಜೊತೆ ಸಹಾಯಕಿಯಾಗಿದ್ದ ಅಕ್ಕ ವಯಸ್ಸಿನಲ್ಲಿ ದೊಡ್ಡವರು. ಒಂದು ದಿನ ಗುಡಿಸುತ್ತಾ ಗುಡಿಸುತ್ತಾ ಕೇಳಿದರು, "ಮೇಡಮ್ಮೋರೆ, ಆ ಗಂಟು ಬಿಚ್ಚಿದ್ರಲ್ಲ, ಅದನ್ನ ನೋಡಿದ್ರಾ?" ನಾನು ನೋಡಿರಲಿಲ್ಲ. ಸೀರೆ ಸೊಂಟಕ್ಕೆ ಉಜ್ಜದಿರಲಿ ಅಂತ ಆ ತಾಯಿ ಒಳಗಡೆ ಮಡಿಸಿದ ಮೆತ್ತನೆ ಬಟ್ಟೆ ಇಟ್ಟಿದ್ದಳಂತೆ. ಒಲೆಯ ಹತ್ತಿರ ಹೋಗೋಕಾಗದಷ್ಟು, ಆದರೆ ಕಿಟಕಿ ಬೆಳಕಿಗೆ ಬರೋಕಾಗುವಷ್ಟು ಉದ್ದ ಬಿಟ್ಟಿದ್ದಳಂತೆ. ಹಿಂದಿನ ವರ್ಷ ಅದೇ ಬೀದಿಯ ಒಂದು ಮಗು ಮನೆ ಹಿಂದಿನ ನಾಲೆಗೆ ಬಿದ್ದು ಹೋಗಿತ್ತು. "ಕಟ್ಟಾಕ್ದೆ ಹೋದ್ರೆ ನಾಲೆ, ಕಟ್ಟಾಕಿದ್ರೆ ನಿಮ್ ಬೈಗುಳ. ಕೂಲಿಗೆ ಹೋಗ್ದಿದ್ರೆ ಒಲೆ ಹತ್ತಲ್ಲ. ಅವಳೇನ್ ಮಾಡ್ಬೇಕು ಹೇಳಿ" ಅಂದರು ಅಕ್ಕ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುತ್ತಿದ್ದದ್ದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕವಕ್ಕೆ ಚುಚ್ಚುಮದ್ದು, ತೂಕ, ಪೌಷ್ಟಿಕ ಆಹಾರದ ಪೊಟ್ಟಣ. ಆದರೆ ತೆವಳುವ, ಎದ್ದು ಬಿದ್ದು ನಡೆಯುವ ವಯಸ್ಸಿನ ಮಗುವನ್ನು ಹಗಲು ಹೊತ್ತು ನೋಡಿಕೊಳ್ಳೋರು ಯಾರು? ಅತ್ತೆ ಗಟ್ಟಿಯಾಗಿದ್ದ ಮನೆಯಲ್ಲಿ ಅತ್ತೆ. ಇಲ್ಲದ ಮನೆಯಲ್ಲಿ ಆರೇಳು ವರ್ಷದ ಅಕ್ಕ, ಸ್ಕೂಲು ಬಿಟ್ಟು. ಅವಳೂ ಇಲ್ಲದಿದ್ದರೆ ಮಂಚದ ಕಾಲು.

ದಾರಿ ಹುಡುಕಿದ್ದು ನಾನಲ್ಲ, ಆ ಹೆಂಗಸರೇ. ನಮ್ಮ ಕಡೆ ನಾಟಿಗೆ ಮುಯ್ಯಾಳು ಹೋಗೋದು ಮೊದಲಿಂದ ಇದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನಮ್ಮ ಗದ್ದೆಗೆ ನೀವು. ಸಹಾಯಕಿ ಅಕ್ಕನೇ ಒಂದು ಸಂಜೆ, "ಮಕ್ಕಳಿಗೂ ಮುಯ್ಯಿ ಹಾಕ್ಕೊಂಡ್ರಾಯ್ತಲ್ಲ" ಅಂದರು. ಕೂಲಿಗೆ ಹೋಗುವ ಆರು ಜನ ಸೇರಿದರು. ವಾರದಲ್ಲಿ ಒಂದೊಂದು ದಿನ ಒಬ್ಬೊಬ್ಬರು ಉಳಿದುಕೊಂಡು ಎಲ್ಲರ ಮಕ್ಕಳನ್ನೂ ನೋಡಿಕೊಳ್ಳುವುದು. ಆ ದಿನದ ಅವಳ ಕೂಲಿಯನ್ನು ಉಳಿದ ಐದು ಜನ ಹಂಚಿಕೊಂಡು ಕೊಡುವುದು. ಜಾಗ ನಮ್ಮ ಅಂಗನವಾಡಿಯ ಜಗಲಿ. ನಾನು ಆ ತಾಯಿಯ ಮನೆಗೆ ಹೋಗಿ ತಪ್ಪಾಯ್ತು ಅಂತ ಕೇಳಿಕೊಂಡೆ. ಬೈದದ್ದು ಬೀದಿಯಲ್ಲಿ, ಹಾಗಾಗಿ ಬೀದಿಯಲ್ಲೇ ನಿಂತು ಕೇಳಿದೆ. ಅವಳು ಏಳನೆಯವಳಾಗಿ ಸೇರಿದಳು.

ಎಲ್ಲವೂ ಸಲೀಸಾಗಿ ಆಯಿತು ಅಂತಲ್ಲ. ಪಕ್ಕದ ಬೀದಿಯ ಮಕ್ಕಳನ್ನೂ ಸೇರಿಸೋಣ ಅಂದಾಗ ಕೆಲವರು ಬೇಡ ಅಂದರು. ಯಾಕೆ ಅಂತ ನಮ್ಮ ಊರುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದೇ ಜಗಲಿಯಲ್ಲಿ ಎಲ್ಲಾ ಮಕ್ಕಳು ಮಲಗೋದಕ್ಕೆ ಎರಡು ವರ್ಷ ಬೇಕಾಯಿತು. ಆದರೆ ಆ ಎರಡು ಬೀದಿಗಳಲ್ಲಿ ಆಮೇಲೆ ನಾಲೆಗೆ ಬಿದ್ದ ಮಗು ಒಂದೂ ಇಲ್ಲ.

ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕೊಳಕಾಗಿರುವ, ತೂಕ ಇಳಿದಿರುವ, ಸದಾ ಹಸಿದಿರುವ ಮಗುವನ್ನು ಕಂಡರೆ ಇವರಮ್ಮ ಎಂಥವಳು ಅಂತ ಕೇಳುವ ಮೊದಲು, ಇವರ ಮನೆಯಲ್ಲಿ ಎಷ್ಟು ಕೈಗಳಿವೆ ಅಂತ ಲೆಕ್ಕ ಹಾಕುತ್ತೇನೆ. ಒಂದು ಹುಡುಗ ಅಂಗನವಾಡಿಯಲ್ಲಿ ಕೊಟ್ಟ ಮೊಟ್ಟೆಯನ್ನು ಅರ್ಧ ತಿಂದು, ಉಳಿದರ್ಧ ಚಡ್ಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಜೇಬೆಲ್ಲ ವಾಸನೆ. ಬೈಯದೆ ಮನೆಗೆ ಹೋಗಿ ನೋಡಿದೆ. ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಮ್ಮ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಜ್ವರವೂ ಇಲ್ಲ, ಕೆಮ್ಮೂ ಇಲ್ಲ, ಸುಮ್ನೆ ಗೋಡೆ ನೋಡಿಕೊಂಡು ಮಲಗಿರುತ್ತಿದ್ದಳು. ಉಳಿದರ್ಧ ಮೊಟ್ಟೆ ತಂಗಿಗೆ. ಮಕ್ಕಳನ್ನು ಎಲ್ಲಾದರೂ ಆಶ್ರಮಕ್ಕೆ ಸೇರಿಸಿಬಿಡಿ ಅಂತ ನೆಂಟರು ಹೇಳುತ್ತಿದ್ದರು. ನಾವು ಸೇರಿಸಲಿಲ್ಲ. ಸ್ತ್ರೀಶಕ್ತಿ ಸಂಘದವರು ಸರದಿಯಲ್ಲಿ ಅಡುಗೆ ಮಾಡಿಕೊಟ್ಟರು. ಒಬ್ಬರು ಅವಳನ್ನು ಮೈಸೂರಿನ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಐದಾರು ತಿಂಗಳಲ್ಲಿ ಎದ್ದು ಓಡಾಡಿದಳು.

ಇಂಥ ಮನೆಗಳಿಗೆ ಈಗ ಸರ್ಕಾರದ ದುಡ್ಡೂ ಇದೆ. ಇದನ್ನು ದಯವಿಟ್ಟು ನಾಲ್ಕು ಜನಕ್ಕೆ ಹೇಳಿ. ಮಕ್ಕಳ ರಕ್ಷಣೆಗಾಗಿ ಇರುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ. ತಿಂಗಳಿಗೆ ಒಂದು ಮಗುವಿಗೆ 4,000 ರೂಪಾಯಿ. ಗಂಡ ತೀರಿಕೊಂಡ ಅಥವಾ ಬಿಟ್ಟುಹೋದ ತಾಯಿಯ ಮಕ್ಕಳು, ಅಪ್ಪ ಅಮ್ಮ ಇಲ್ಲದೆ ಅಜ್ಜಿ ಮನೆಯಲ್ಲಿರುವ ಮಕ್ಕಳು, ಹೆತ್ತವರಿಗೆ ಗುಣವಾಗದ ಕಾಯಿಲೆ ಇರುವ ಮಕ್ಕಳು, ಇವರಿಗೆಲ್ಲ ಕೇಳಬಹುದು. ಮನೆಯ ವರ್ಷದ ವರಮಾನ ಹಳ್ಳಿಯಲ್ಲಾದರೆ 72,000, ಪಟ್ಟಣದಲ್ಲಾದರೆ 96,000 ಮೀರಿರಬಾರದು. ಅರ್ಜಿ ಹಾಕಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬಡತನಕ್ಕೆ ಹೆದರಿ ಮಗುವನ್ನು ದೂರ ಕಳಿಸುವ ಬದಲು ಮನೆಯಲ್ಲೇ ಉಳಿಸಿಕೊಳ್ಳಲಿ ಅಂತಲೇ ಮಾಡಿರುವುದು. 2015ರ ಬಾಲನ್ಯಾಯ ಕಾಯ್ದೆ ಕೂಡ ಅದನ್ನೇ ಹೇಳುತ್ತದೆ. ಮಗುವನ್ನು ಸಂಸ್ಥೆಗೆ ಸೇರಿಸೋದು ಕೊನೆಯ ದಾರಿ. ಮಗುವಿಗೆ ಹಿಂಸೆ ಕೊಟ್ಟವರಿಗೆ, ಬೇಕೆಂದೇ ಕೈಬಿಟ್ಟವರಿಗೆ ಅದರ 75ನೇ ಸೆಕ್ಷನ್‌ನಲ್ಲಿ ಜೈಲು ಶಿಕ್ಷೆ ಇದೆ. ಆದರೆ ಹೆತ್ತವರು ಕೈಮೀರಿದ ಕಾರಣಕ್ಕೆ ಮಗುವನ್ನು ಬಿಟ್ಟಿದ್ದರೆ ಅದನ್ನು ಬೇಕೆಂದೇ ಮಾಡಿದ್ದು ಅಂತ ನೋಡಬಾರದು ಅಂತಲೂ ಅಲ್ಲೇ ಬರೆದಿದೆ. ತರಬೇತಿಯಲ್ಲಿ ಆ ಸಾಲು ಓದಿದಾಗ ನನಗೆ ಆ ಸೀರೆ ನೆನಪಾಯಿತು.

ಇನ್ನೊಂದು ವಿಷಯ ಬರೆಯಲೇಬೇಕು. ಬರೆಯೋಕೆ ಕಷ್ಟ.

ಎಲ್ಲಾ ನೋವಿಗೂ ಕೈ ಸಾಲದೇ ಇರೋದು ಕಾರಣ ಅಲ್ಲ. 2004ರಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ತಮ್ಮನನ್ನು ಕರೆದುಕೊಂಡು ಹೋಗೋಕೆ ಅಂಗನವಾಡಿಗೆ ಬರುತ್ತಿದ್ದಳು. ಕೆಲವು ದಿನಗಳಿಂದ ಬೇಗ ಬರತೊಡಗಿದಳು, ಹೊರಡೋದು ತಡ ಮಾಡತೊಡಗಿದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸೋಳು. ಬೀಗ ಹಾಕುವಾಗ, "ಮಿಸ್ಸು, ಇನ್ನೊಂಚೂರು ಹೊತ್ತು ಇರ್ಲಾ?" ಅನ್ನೋಳು. ಕತ್ತಲಾಯ್ತು, ಮನೆಗೆ ಹೋಗಮ್ಮ ಅಂತ ನಾನೇ ಕಳಿಸುತ್ತಿದ್ದೆ. ಎಷ್ಟು ಸಂಜೆ ಹಾಗೆ ಕಳಿಸಿದೆನೋ.

ಮನೆಯಲ್ಲಿ ಬಂದು ಉಳಿದಿದ್ದ ನೆಂಟನಿಂದ ಅವಳಿಗೆ ತೊಂದರೆ ಆಗುತ್ತಿತ್ತು. ಗೊತ್ತಾದ ಮೇಲೆ ನಾನು ಅವಳ ಅಜ್ಜಿಗೆ ಹೇಳಿದೆ. ಅಜ್ಜಿ ಹಿರಿಯರಿಗೆ ಹೇಳಿದರು. "ಹೆಣ್ಣು ಮಗಳು, ನಾಳೆ ಮದುವೆ ಆಗ್ಬೇಕು, ಬಾಯಿ ಬಿಡಬೇಡಿ" ಅಂದರು ಹಿರಿಯರು. ಹುಡುಗಿಯನ್ನು ದೂರದ ಅತ್ತೆ ಮನೆಗೆ ಕಳಿಸಿದರು. ಅವನು ಅದೇ ಮನೆಯಲ್ಲಿ ಉಳಿದ. ಅವಳ ಸ್ಕೂಲು ತಪ್ಪಿತು, ಗೆಳತಿಯರು ತಪ್ಪಿದರು, ತಮ್ಮ ತಪ್ಪಿದ. ಶಿಕ್ಷೆ ಆಗಿದ್ದು ಅವಳಿಗೆ. ನಾನು ಸುಮ್ಮನಿದ್ದೆ.

ಮೂರು ವರ್ಷದ ನಂತರ, 2007ರಲ್ಲಿ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಒಂದು ಅಧ್ಯಯನ ಹೊರತಂದಿತು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂರರಲ್ಲಿ ಎರಡು ಮಕ್ಕಳು ಪೆಟ್ಟು ತಿಂದಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿರುವವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ತರಬೇತಿಯಲ್ಲಿ ಇದನ್ನು ಓದಿದಾಗ, ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲಪ್ಪ ಅಂತ ಪಕ್ಕದಲ್ಲಿ ಕೂತವರು ಅಂದರು. ನಾನು ಎದ್ದು ನಿಂತೆ. ಹೆಸರು ಹೇಳದೆ, ಗುಡಿಸಿದ್ದನ್ನೇ ಗುಡಿಸುತ್ತಿದ್ದ ಹುಡುಗಿಯ ಕಥೆ ಹೇಳಿದೆ. ಊಟದ ಬಿಡುವಿನಲ್ಲಿ ಮೂರು ಜನ ಕಾರ್ಯಕರ್ತೆಯರು ನನ್ನ ಹತ್ತಿರ ಬಂದು ತಮಗೆ ಗೊತ್ತಿದ್ದ ಒಂದೊಂದು ಮಗುವಿನ ಬಗ್ಗೆ ಹೇಳಿದರು.

ಈಗ ಸುಮ್ಮನಿರುವ ಹಾಗಿಲ್ಲ. 2012ರಲ್ಲಿ ಪೋಕ್ಸೋ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ ಬಂತು. ಮಗುವಿಗೆ ಹೀಗಾಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅಂತ ಅದರ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದೆ ಮುಚ್ಚಿಟ್ಟರೆ ಶಿಕ್ಷೆ ಇದೆ. ಒಳ್ಳೆ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕೋಕಾಗಲ್ಲ. ಏನು ಮಾಡಬೇಕು ಅಂತ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಈ ನಂಬರು ನಮ್ಮ ಅಂಗನವಾಡಿ ಗೋಡೆಗೆ ಬಂದದ್ದು ಎಷ್ಟೋ ವರ್ಷದ ನಂತರ. ನಾನೇ ಕೆಂಪು ಬಣ್ಣದಲ್ಲಿ, ಮಕ್ಕಳ ಎತ್ತರಕ್ಕೆ ಬರೆಸಿದೆ. ದೊಡ್ಡವರ ಎತ್ತರಕ್ಕೆ ಬರೆದು ಏನು ಪ್ರಯೋಜನ ಹೇಳಿ.

ಇಷ್ಟು ಮಾತ್ರ ಬೆರೆಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮಂಚಕ್ಕೆ ಕಟ್ಟಿದ ತಾಯಿಗೆ ಬೇಕಿದ್ದದ್ದು ಮುಯ್ಯಿ. ಆ ನೆಂಟನಿಗೆ ಬೇಕಿದ್ದದ್ದು ಪೊಲೀಸು. ನಾನು ಅವಳನ್ನು ಬೀದಿಯಲ್ಲಿ ಬೈದೆ, ಅವನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡೆ. ಪೂರ್ತಿ ತಿರುವುಮುರುವು. ಆದರೆ ಒಂದು ಅನಿಸುತ್ತದೆ. ಮುಯ್ಯಿ ನಡೆಯುತ್ತಿದ್ದ ಆ ಜಗಲಿ 2004ರಲ್ಲೂ ಇದ್ದಿದ್ದರೆ, ಸಂಜೆ ಅಲ್ಲಿ ನಾಲ್ಕು ಜನ ಹೆಂಗಸರು ಕೂತಿದ್ದರೆ, ಆ ಹುಡುಗಿ ಯಾರಾದರೂ ಒಬ್ಬರ ಹತ್ತಿರ ಬಾಯಿ ಬಿಡುತ್ತಿದ್ದಳೇನೋ. ಅಷ್ಟು ಹೊತ್ತಿಗೆ ಆ ಪದ್ಧತಿ ನಿಂತು ಹೋಗಿತ್ತು. ಹೆಂಗಸರು ಬೆಳಗಿನ ಬಸ್ಸಿಗೆ ಮೈಸೂರಿನ ಕೆಲಸಗಳಿಗೆ ಹೋಗತೊಡಗಿದ್ದರು. ಒಬ್ಬೊಬ್ಬರದು ಒಂದೊಂದು ಹೊತ್ತು.

ಅದಕ್ಕೇ 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡ್ತೀವಿ ಅಂದಾಗ ನನಗೆ ಹಬ್ಬ ಅನಿಸಿತ್ತು. ಮೂರು ವರ್ಷದೊಳಗಿನ ಮಕ್ಕಳಿಗೇ ಒಂದು ಜಾಗ, ಅದೂ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ. ನೋಡಿಕೊಳ್ಳೋರೂ ಊರಿನ ಹೆಂಗಸರೇ. ನಮ್ಮಲ್ಲಿ ಒಂದು ಕೊರತೆ ಇದೆ. ಅವರ ಕೆಲಸ ಸರದಿಯಲ್ಲಿ ಬದಲಾಗುತ್ತದೆ. ಕೂಸು ಒಬ್ಬರ ಮಡಿಲಿಗೆ ಹೊಂದಿಕೊಳ್ಳುವ ಹೊತ್ತಿಗೆ ಇನ್ನೊಬ್ಬರು ಬರುತ್ತಾರೆ. ಇದನ್ನು ಗ್ರಾಮಸಭೆಯಲ್ಲಿ ಕೇಳಬೇಕು ಅಂತ ಬರೆದಿಟ್ಟುಕೊಂಡಿದ್ದೇನೆ.

ಮೊನ್ನೆ ನಾನು ಹೊರಡುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಅಜ್ಜಿ, ಕಂಕುಳಲ್ಲಿ ಮೊಮ್ಮಗಳು. ನೋಡಿದ ತಕ್ಷಣ ಗುರುತು ಸಿಕ್ಕಿತು. 1991ರ ಆ ತಾಯಿ. ಆ ಮಗುವಿನ ಮಗಳು ಇದು. ಅವನು ಈಗ ಟೆಂಪೋ ಓಡಿಸುತ್ತಾನೆ. ಸೊಸೆ ನಾಟಿಗೆ ಹೋಗಬೇಕು, ತನಗೆ ಮಂಡಿ ನೋವು, ಮಗುವಿನ ಹಿಂದೆ ಓಡೋಕಾಗಲ್ಲ ಅಂದರು. ಮಗುವನ್ನು ಒಳಗೆ ಬಿಟ್ಟು, ತೊಟ್ಟಿಲ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದರು. ಆಮೇಲೆ ಕೇಳಿದರು, "ಮೇಡಮ್ಮೋರೆ, ಇಲ್ಲಿ ಐದು ಗಂಟೆಗೆ ಬಾಗ್ಲು ಹಾಕ್ತಾರಂತಲ್ಲ. ನಾಟಿಯಿಂದ ಬರೋದು ಆರೂವರೆ ಆಯ್ತದೆ. ಆ ಒಂದೂವರೆ ಗಂಟೆ?"

ಒಳಗಿದ್ದ ಹುಡುಗಿಯರನ್ನು ಕೇಳಿದೆ. ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ, ಆಗಲ್ಲ ಅಂದರು. ಪಂಚಾಯಿತಿ ಅಧ್ಯಕ್ಷರ ಮನೆಗೆ ಹೋಗಿ ಕೇಳಿದೆ. ಒಪ್ಪಿದರು, ಇನ್ನೊಂದು ಬೀಗದ ಕೈ ಕೊಟ್ಟರು. ನಾಟಿ ಮುಗಿಯೋವರೆಗೂ ಐದರಿಂದ ಆರೂವರೆ ನನ್ನ ಪಾಳಿ. ಇನ್ನಿಬ್ಬರು ನಿವೃತ್ತ ಟೀಚರುಗಳಿಗೆ ಹೇಳಿದ್ದೇನೆ, ಒಬ್ಬರು ಬರ್ತೀನಿ ಅಂದಿದ್ದಾರೆ. ಸೋಮವಾರದಿಂದ ಶುರು.